ಹೆರಿಗೆಯಾದ ಮೇಲೂ ಸಕ್ಕರೆ ನೋಡಿಸಬೇಕೇ: ನಮ್ಮ ಮನೆಯ ಗುಂಪಿನ ಚರ್ಚೆ

ಸೇಡಂ ಕಾಕಾ (ಫಾರ್ವರ್ಡ್): ಬಸುರಿಯಲ್ಲಿ ಕಾಣಿಸುವ ಸಕ್ಕರೆ ಕಾಯಿಲೆಗೆ ಹಾರ್ಮೋನುಗಳೇ ಕಾರಣ. ಮಾಸು ಬಿದ್ದೊಡನೆ ಅದು ತಾನಾಗಿಯೇ ಹೋಗುತ್ತದೆ, ಆಮೇಲೆ ಪರೀಕ್ಷೆ ಮಾಡಿಸುವುದು ದುಡ್ಡಿನ ದಂಡ. ಬಸುರಿ ಇನ್ಸುಲಿನ್ ಚುಚ್ಚಿಸಿಕೊಂಡರೆ ಅದು ಕೂಸಿಗೂ ಹೋಗಿ ರೂಢಿಯಾಗುತ್ತದೆ. ಎಲ್ಲರಿಗೂ ತಿಳಿಸಿರಿ.

ಸೇಡಂ ಕಾಕಾ: ಆಳಂದದಲ್ಲಿರುವ ನಮ್ಮ ಹುಡುಗಿಯ ಸಕ್ಕರೆ ಹೆರಿಗೆಯ ಮರುದಿನವೇ ಸರಿಯಾಗಿತ್ತೆಂದು ಡಾಕ್ಟರರೇ ಹೇಳಿ ಕಳಿಸಿದ್ದಾರೆ. ಹೀಗಿರುವಾಗ ಬಾಣಂತಿಯನ್ನು ಈ ಬಿಸಿಲಿನಲ್ಲಿ ಮತ್ತೆ ಕಲಬುರಗಿಗೆ ಕರೆದೊಯ್ಯುವ ಅಗತ್ಯ ನನಗೆ ಕಾಣುವುದಿಲ್ಲ.

ಹುಮನಾಬಾದ್ ಅತ್ತಿ: ಕುಬಸದ ನಂತರ ಮನೆಮನೆಯವರೂ ಕರೆದು ಹೋಳಿಗೆ, ಉಂಡಿ ಉಣ್ಣಿಸಿದರು. ಬಾಯಿ ಕಟ್ಟಿದ್ದರೆ ಅವಳಿಗೆ ಇದು ಬರುತ್ತಲೇ ಇರಲಿಲ್ಲ ಎಂದು ನನಗೆ ಅನಿಸುತ್ತದೆ.

ಕಲಬುರಗಿ ಅಕ್ಕ: ಅತ್ತಿ, ತಂಗಿಯೂ ಇದನ್ನು ಓದುತ್ತಿದ್ದಾಳೆ, ಆದ್ದರಿಂದ ಮೊದಲು ನಿಮ್ಮ ಮಾತಿಗೆ ಉತ್ತರಿಸುತ್ತೇನೆ. ಕುಬಸದ ಹೋಳಿಗೆಯಿಂದ ಈ ಕಾಯಿಲೆ ಹುಟ್ಟಲಿಲ್ಲ. ಐದನೆಯ ತಿಂಗಳು ದಾಟುತ್ತಿದ್ದಂತೆ ಮಾಸು ಪ್ಲಾಸೆಂಟಲ್ ಲ್ಯಾಕ್ಟೋಜೆನ್, ಪ್ರೊಜೆಸ್ಟರಾನ್ ಮತ್ತು ತನ್ನದೇ ಬಗೆಯ ಬೆಳವಣಿಗೆಯ ಹಾರ್ಮೋನನ್ನು ದಿನೇದಿನೇ ಹೆಚ್ಚಾಗಿ ತಾಯಿಯ ರಕ್ತಕ್ಕೆ ಬಿಡುತ್ತದೆ. ತಾಯಿಯ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಕೂಡ ಏರುತ್ತದೆ. ಇವೆಲ್ಲ ಸೇರಿ ಅವಳ ಸ್ನಾಯು ಮತ್ತು ಕೊಬ್ಬಿನ ಮೇಲೆ ಇನ್ಸುಲಿನ್ ಮಾಡುವ ಕೆಲಸವನ್ನು ತಡೆಯುತ್ತವೆ, ಅದರಿಂದ ಉಂಡ ಸಕ್ಕರೆ ಅವಳ ಮೈಗೆ ಬೇಗ ಸೇರದೆ ರಕ್ತದಲ್ಲಿ ಉಳಿದು ಕೂಸಿಗೆ ದಕ್ಕುತ್ತದೆ. ಇದು ಎಲ್ಲ ಬಸುರಿಯರಲ್ಲೂ ನಡೆಯುವ ಏರ್ಪಾಡು. ಕೊನೆಯ ತಿಂಗಳುಗಳಲ್ಲಿ ಇನ್ಸುಲಿನ್ನಿನ ಪ್ರಭಾವ ಅರ್ಧದಷ್ಟು ಕುಗ್ಗುವುದರಿಂದ ಮೇದೋಜ್ಜೀರಕ ಗ್ರಂಥಿ ಮೊದಲಿಗಿಂತ ಎರಡು ಪಟ್ಟಿಗೂ ಮಿಕ್ಕಿ ಇನ್ಸುಲಿನ್ ಸುರಿಸಬೇಕಾಗುತ್ತದೆ. ನನಗೆ ಇಂದಿಗೂ ಸೋಜಿಗವೆನಿಸುವುದೆಂದರೆ, ಈ ಹೊರೆ ಹೊರಿಸುವ ಲ್ಯಾಕ್ಟೋಜೆನ್ನೇ ಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಜೊತೆಗೂಡಿ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಹೆಚ್ಚು ದುಡಿಯಲು ಹುರಿದುಂಬಿಸುತ್ತದೆ. ಹಾಗೆ ಹುರಿದುಂಬಿಸಿದರೂ ಯಾರ ಕೋಶಗಳು ಅಷ್ಟು ಇನ್ಸುಲಿನ್ ಕೊಡಲಾರವೋ ಅವರಲ್ಲಿ ಸಕ್ಕರೆ ಏರುತ್ತದೆ. ಅಪ್ಪನಿಗೆ ಸಕ್ಕರೆ ಇದೆ, ಕಾಕಾ ನಿಮಗೂ ಇದೆ. ಅವಳು ಏನು ಉಂಡಳೆಂದು ಕೇಳುವ ಮೊದಲು ನಮ್ಮ ಮನೆತನವನ್ನು ನೋಡಬೇಕು.

ಸೇಡಂ ಕಾಕಾ: ನೀನೇ ಹೇಳಿದಂತೆ ಹೊರೆ ಹೊರಿಸಿದ್ದು ಮಾಸು. ತೊಗರಿ ಚೀಲ ಹೇರಿದ ಗಾಡಿ ಏರಿನಲ್ಲಿ ನಿಂತರೆ ನಾಲ್ಕು ಚೀಲ ಇಳಿಸುತ್ತೇವೆ, ಎತ್ತುಗಳು ಮುಂದೆ ನಡೆಯುತ್ತವೆ. ಹೊರೆ ಇಳಿದ ಮೇಲೆ ಎತ್ತನ್ನು ಪರೀಕ್ಷಿಸುವುದೇಕೆ?

ಕಲಬುರಗಿ ಅಕ್ಕ: ಆ ಏರಿನಲ್ಲಿ ನಿಂತ ಎತ್ತಿನ ಮೇಲೆ ಮುಂದಿನ ಸುಗ್ಗಿಯಲ್ಲಿ ಅಷ್ಟೇ ಚೀಲ ಹೇರಲು ನೀವು ಒಪ್ಪುವುದಿಲ್ಲ, ಕಾಕಾ. ಮಾಸಿನ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತವೆ, ಅದಕ್ಕೇ ಮರುದಿನ ಸಕ್ಕರೆ ಸರಿಯಾಗಿ ಕಂಡಿತು. ಆದರೆ ಬೀಟಾ ಕೋಶಗಳ ಬಲಹೀನತೆ ಅವುಗಳೊಡನೆ ಹೋಗುವುದಿಲ್ಲ. ವಯಸ್ಸು, ತೂಕ, ಮತ್ತೊಂದು ಬಸುರಿ ಇವುಗಳಲ್ಲಿ ಯಾವುದಾದರೂ ಅದನ್ನು ಮತ್ತೆ ಹೊರಗೆಡಹಬಹುದು. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 20 ಅಧ್ಯಯನಗಳನ್ನು, ಅಂದರೆ 13 ಲಕ್ಷಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದಾಗ, ಬಸುರಿಯಲ್ಲಿ ಸಕ್ಕರೆ ಕಾಣಿಸಿಕೊಂಡವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಉಳಿದವರಿಗಿಂತ ಹತ್ತಿರಹತ್ತಿರ ಹತ್ತು ಪಟ್ಟು ಹೆಚ್ಚೆಂದು ಕಂಡುಬಂದಿದೆ. ಆ ಫಾರ್ವರ್ಡ್‌ನ ಮೊದಲ ಸಾಲು ನಿಜ. ಅದನ್ನು ನಂಬಿ ಉಳಿದ ಸಾಲುಗಳನ್ನೂ ಪಾಲಿಸಿದವರು, ಕಾಲು ಜೋಮು ಹಿಡಿಯುವವರೆಗೆ ಪರೀಕ್ಷೆಗೆ ಬರುವುದಿಲ್ಲ ಎಂಬುದೇ ನನ್ನ ಸಂಕಟ.

ಬೆಂಗಳೂರು ಅಣ್ಣ: ಇನ್ಸುಲಿನ್ ಕೂಸಿಗೆ ಹೋಗುತ್ತದೆ ಎಂಬ ಮಾತೂ ತಪ್ಪಲ್ಲವೇ? ಇನ್ನೊಂದು ಕೇಳುವುದಿದೆ. ಉಪವಾಸವಿಲ್ಲದೆ ಒಂದೇ ಸಲ ರಕ್ತ ಕೊಟ್ಟು ಮುಗಿಸುವ ಮೂರು ತಿಂಗಳ ಸರಾಸರಿಯ ಪರೀಕ್ಷೆ ಇರುವಾಗ ಬಾಣಂತಿಗೆ ಗ್ಲೂಕೋಸ್ ಏಕೆ ಕುಡಿಸಬೇಕು?

ಕಲಬುರಗಿ ಅಕ್ಕ: ಚುಚ್ಚಿಸಿಕೊಂಡ ಇನ್ಸುಲಿನ್ ಮಾಸನ್ನು ದಾಟುವುದಿಲ್ಲ, ದಾಟುವುದು ಸಕ್ಕರೆ. ತಾಯಿಯ ಸಕ್ಕರೆ ಏರಿದರೆ ಹೊಟ್ಟೆಯಲ್ಲಿರುವ ಕೂಸು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ ಮಿತಿಮೀರಿ ದಪ್ಪವಾಗುತ್ತದೆ, ಹುಟ್ಟಿದ ಮೇಲೆ ಅದರ ಸಕ್ಕರೆ ದಿಢೀರನೆ ಕುಸಿಯಬಹುದು. ಆ ಸಾಲನ್ನು ಓದಿ ಯಾವಳಾದರೂ ಬಸುರಿ ಇನ್ಸುಲಿನ್ ಬಿಟ್ಟರೆ ಗತಿಯೇನು? ಕಾಕಾ, ಅದನ್ನು ಬೇರೆ ಗುಂಪುಗಳಿಗೂ ಕಳಿಸಿದ್ದರೆ ದಯವಿಟ್ಟು ಅಲ್ಲಿಂದ ಅಳಿಸಿರಿ. ಅಣ್ಣಾ, ಮೂರು ತಿಂಗಳ ಸರಾಸರಿ ರಕ್ತಕಣಗಳ ಆಯುಷ್ಯವನ್ನು ಅವಲಂಬಿಸಿದೆ. ಹೆರಿಗೆಯಲ್ಲಿ ರಕ್ತ ಹೋಗಿ ಹೊಸ ಕಣಗಳು ಹುಟ್ಟುತ್ತಿರುವಾಗ, ಅದರಲ್ಲೂ ರಕ್ತಹೀನತೆ ಇರುವವರಲ್ಲಿ, ಆ ಅಂಕಿ ದಾರಿ ತಪ್ಪಿಸುತ್ತದೆ. ಆರು ವಾರಕ್ಕೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ತಾಸಿನ ಮೇಲೆ ಇನ್ನೊಮ್ಮೆ ರಕ್ತ ಕೊಡುವುದೇ ಸರಿ. ಖಾಲಿ ಹೊಟ್ಟೆಯದು 126 ಅಥವಾ ಎರಡು ತಾಸಿನದು 200 ಮುಟ್ಟಿದರೆ ಅದು ಮಧುಮೇಹ. ಎರಡು ತಾಸಿನದು 140ರಿಂದ 199ರ ನಡುವೆ ಇದ್ದರೆ ಮುನ್ಸೂಚನೆ.

ಹುಮನಾಬಾದ್ ಅತ್ತಿ: ನನ್ನ ಮಾತಿನಿಂದ ಅವಳಿಗೆ ನೋವಾಗುವುದು ಬೇಡ. ಆದರೆ ಅಳವಿ ಪಾಯಸ, ಅಂಟಿನ ಉಂಡಿ ಇಲ್ಲದೆ ಹಾಲು ಹೇಗೆ ಬರಬೇಕು?

ಕಲಬುರಗಿ ಅಕ್ಕ: ಅಳವಿ ಕೊಡಿರಿ, ಬೆಲ್ಲವನ್ನು ಕಡಿಮೆ ಮಾಡಿರಿ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಮೆಂತ್ಯಪಲ್ಯ ಹೊಟ್ಟೆತುಂಬ ಉಣ್ಣಲಿ. ಕೂಸು ಎಷ್ಟು ಸಲ ಮೊಲೆ ಕುಡಿಯುತ್ತದೋ ಅಷ್ಟು ಹಾಲು ಬರುತ್ತದೆ, ಅದನ್ನು ನಡೆಸುವುದೂ ಪ್ರೊಲ್ಯಾಕ್ಟಿನ್ನೇ. ಅಮೆರಿಕದಲ್ಲಿ ಹೆಂಗಸರನ್ನು 30 ವರ್ಷ ಹಿಂಬಾಲಿಸಿದ ಕಾರ್ಡಿಯಾ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಆರು ತಿಂಗಳು ಅಥವಾ ಹೆಚ್ಚು ಕಾಲ ಮೊಲೆಯೂಡಿದವರಲ್ಲಿ ಮಧುಮೇಹ, ಊಡದವರಿಗಿಂತ 47 ಶೇಕಡಾ ಕಡಿಮೆ ಕಂಡಿತು. ಹಾಲೂಡಿಸುವುದೊಂದರಿಂದಲೇ ಹಾಗಾಯಿತೆಂದು ಅದರಿಂದ ಸಾಧಿಸಲಾಗದು, ಆದರೂ ತಂಗಿಗೆ ಇದು ಧೈರ್ಯ ಕೊಡುವ ಮಾತು.

ಆಳಂದ ತಂಗಿ: ಎಲ್ಲರೂ ನನ್ನ ಬಗ್ಗೆ ಮಾತಾಡಿದಿರಿ, ಈಗ ನಾನೂ ಹೇಳುತ್ತೇನೆ. ಹೋಳಿಗೆ ತಿಂದು ಕೂಸಿಗೆ ಕೇಡು ಮಾಡಿದೆನೇನೋ ಎಂದು ನಾನು ನಿದ್ದೆಗೆಟ್ಟಿದ್ದೆ. ಅಕ್ಕ ಬರೆದದ್ದನ್ನು ಅವ್ವನಿಗೂ ಓದಿ ಹೇಳಿದೆ. ಆರನೆಯ ವಾರ ಕೂಸಿಗೆ ಲಸಿಕೆ ಹಾಕಿಸಲು ತಾಲ್ಲೂಕು ಆಸ್ಪತ್ರೆಗೆ ಹೇಗೂ ಹೋಗಬೇಕು. ಅಂದೇ ನನ್ನ ರಕ್ತವನ್ನೂ ಅಲ್ಲಿಯೇ ಕೊಡುತ್ತೇನೆ, ಕಲಬುರಗಿಗೆ ಬರುವುದು ಬೇಕಾಗಲಿಕ್ಕಿಲ್ಲ.

ಸೇಡಂ ಕಾಕಾ: ಆಳಂದದಲ್ಲೇ ಆಗುವುದಾದರೆ ನನ್ನ ತಕರಾರಿಲ್ಲ, ಫಾರ್ವರ್ಡನ್ನೂ ಅಳಿಸುತ್ತೇನೆ. ಆದರೆ ಈ ಸಲ ಸರಿಯಾಗಿ ಬಂದರೆ ಅಲ್ಲಿಗೆ ಮುಗಿಯಬೇಕು, ವರ್ಷ ವರ್ಷವೂ ನೋಡಿಸಬೇಕೆಂಬುದನ್ನು ನಾನು ಒಪ್ಪಲಾರೆ.

ಕಲಬುರಗಿ ಅಕ್ಕ: ವರ್ಷಕ್ಕೊಮ್ಮೆ ನೋಡಿಸಲೇಬೇಕು, ಎರಡನೆಯ ಬಸುರಿಗೆ ಮೊದಲೂ ನೋಡಿಸಬೇಕು. ನೀವು ತಿಂಗಳಿಗೊಮ್ಮೆ ನಿಮ್ಮ ಸಕ್ಕರೆ ತೋರಿಸಲು ಹೋಗುವ ದಿನ ಅವಳನ್ನೂ ಒಮ್ಮೆ ಜೊತೆಗೆ ಕರೆದೊಯ್ಯಿರಿ, ಕಾಕಾ. ತಂಗೀ, ಹಿಂದಿನ ರಾತ್ರಿ ಉಂಡ ಮೇಲೆ ನೀರಲ್ಲದೆ ಬೇರೇನೂ ತೆಗೆದುಕೊಳ್ಳಬೇಡ, ತಾಯಿ ಕಾರ್ಡ್ ಮರೆಯಬೇಡ. ಎರಡು ತಾಸು ಅಲ್ಲೇ ಕೂರಬೇಕಾಗುವುದರಿಂದ ಅವ್ವನನ್ನು ಜೊತೆಗೆ ಕರೆದುಕೊಂಡು ಹೋಗು.