‘ನಿಷ್ಕ್ರಿಯಗೊಳಿಸುವ ಸ್ಪ್ರೇ’ ಅನ್ನಬಹುದೇ?

ಗೆಳೆಯರೆ, ಬಳ್ಳಾರಿಯಿಂದ ನಮಸ್ಕಾರ.

ಬ್ರಿಟನ್ನಿನ ಪೊಲೀಸ್ ತರಬೇತಿ ಕುರಿತ ಒಂದು ಇಂಗ್ಲಿಷ್ ಬರಹವನ್ನು ಪರಿಚಯದವರೊಬ್ಬರು ಕನ್ನಡಕ್ಕೆ ತರುತ್ತಿದ್ದಾರೆ. ಕರಡು ತಿದ್ದುವ ಕೆಲಸ ನನ್ನದು. ‘ಇನ್‌ಕೆಪ್ಯಾಸಿಟೆಂಟ್ ಸ್ಪ್ರೇ’ ಅನ್ನೋ ಮಾತು ಪುಟಪುಟಕ್ಕೂ ಬರುತ್ತದೆ. ಅವರು ಅದನ್ನು ‘ನಿಷ್ಕ್ರಿಯಗೊಳಿಸುವ ಸಿಂಪಡಣೆ’ ಎಂದು ಮಾಡಿದ್ದಾರೆ. ಒಂದೆರಡು ಕಡೆ ‘ಪ್ರಜ್ಞೆ ತಪ್ಪಿಸುವ ಸ್ಪ್ರೇ’ ಅಂತಲೂ ಇದೆ. ಎರಡನೆಯದನ್ನು ಕೂಡಲೇ ಹೊಡೆದುಹಾಕಿದೆ. ಮೊದಲನೆಯದರ ಮೇಲೆ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ವಸ್ತು ಯಾವುದು ಅನ್ನೋದು ಮೊದಲು. ಅಲ್ಲಿನ ಪೊಲೀಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಿಕ್ಕ ಡಬ್ಬಿ ಅದು. 1996ರಲ್ಲಿ ಬಳಕೆಗೆ ಬಂದಾಗ ಅದರಲ್ಲಿದ್ದದ್ದು ಸಿಎಸ್. ನಮ್ಮ ಪತ್ರಿಕೆಗಳ ‘ಅಶ್ರುವಾಯು’ ಷೆಲ್ಲಿನಲ್ಲೂ ಸಾಮಾನ್ಯವಾಗಿ ಇರುವುದು ಇದೇ. 1928ರಲ್ಲಿ ಇದನ್ನು ಮೊದಲು ತಯಾರಿಸಿದ ಕಾರ್ಸನ್ ಮತ್ತು ಸ್ಟೌಟನ್ ಎಂಬಿಬ್ಬರ ಹೆಸರಿನ ಮೊದಲಕ್ಷರಗಳೇ ಸಿ ಮತ್ತು ಎಸ್. ಅಂದಹಾಗೆ ಅದು ವಾಯುವೇ ಅಲ್ಲ, ನುಣ್ಣನೆ ಪುಡಿ. ಆದರೂ ಅಶ್ರುವಾಯು ಅನ್ನೋ ಮಾತು ಬೇರುಬಿಟ್ಟಿದೆ, ಅದರ ತಂಟೆಗೆ ಹೋಗೋದು ಬೇಡ. ನಮ್ಮೂರಲ್ಲಿ ತೆಲುಗು ಪೇಪರ್ ಓದುವವರು ಬಾಷ್ಪವಾಯು ಅಂತಾರೆ, ಉಳಿದವರು ‘ಗ್ಯಾಸ್ ಬಿಟ್ರು’ ಅಂತಾರೆ. ಯಾರಿಗೂ ಅರ್ಥಕ್ಕೆ ತೊಂದರೆಯಾಗಿಲ್ಲ.

ಈಗ ಬ್ರಿಟನ್ನಿನಲ್ಲಿ ಜಾಸ್ತಿ ಬಳಸೋದು ಪಾವಾ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ನ ನಂಟಸ್ತನದ ರಾಸಾಯನಿಕ, ಕಾರ್ಖಾನೆಯಲ್ಲಿ ಮಾಡಿದ್ದು. ನಮ್ಮ ದೇಶಕ್ಕೂ ಇದು ಹೊಸದಲ್ಲ. 2016ರಲ್ಲಿ ಕಾಶ್ಮೀರದಲ್ಲಿ ಪೆಲೆಟ್ ಗನ್ನಿಗೆ ಬದಲಾಗಿ ಪಾವಾ ಷೆಲ್ ಬಳಸುವ ಮಾತು ಬಂದಾಗ ಕನ್ನಡ ಪತ್ರಿಕೆಗಳಲ್ಲೂ ಈ ಹೆಸರು ಬಂದಿತ್ತು.

ಇದು ಕೆಲಸ ಮಾಡುವ ರೀತಿಯಲ್ಲೇ ನನ್ನ ತಕರಾರು ಇದೆ. ಬಿಸಿ ತಾಗಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳನ್ನೇ ಕ್ಯಾಪ್ಸೈಸಿನ್ ಕೆಣಕುತ್ತದೆ. ಚರ್ಮ ಸುಟ್ಟಿರುವುದಿಲ್ಲ, ಉರಿ ಮಾತ್ರ ಸುಟ್ಟಂತೆಯೇ. ಈ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಸ್ಪ್ರೇ ಬಿದ್ದವನ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತದೆ, ಕೆಮ್ಮು ಹತ್ತುತ್ತದೆ, ಮೂಗು ಸೋರುತ್ತದೆ. ಪ್ರಜ್ಞೆ ಮಾತ್ರ ಎಲ್ಲೂ ಹೋಗೋದಿಲ್ಲ. ಅವನು ಕಿರುಚುತ್ತಾನೆ, ಕೈಕಾಲು ಬಡಿಯುತ್ತಾನೆ. ಕುಡಿದವನಿಗೋ ಸಿಟ್ಟು ನೆತ್ತಿಗೇರಿದವನಿಗೋ ಇದು ಸರಿಯಾಗಿ ನಾಟದೇ ಇರಬಹುದು, ಕಣ್ಣು ಮುಚ್ಚಿಕೊಂಡೇ ಮೈಮೇಲೆ ಬರಬಹುದು. ಇಂಥವನನ್ನು ‘ನಿಷ್ಕ್ರಿಯ’ ಅನ್ನೋದು ಹೇಗೆ?

‘ಪದ ಯಾವುದಾದರೇನು, ಪೊಲೀಸರಿಗೆ ಗೊತ್ತಿರುತ್ತೆ ಬಿಡಿ’ ಅಂದರು ಅನುವಾದಕರು. ನಾನು ಒಪ್ಪಲಿಲ್ಲ. ತರಬೇತಿಯ ಹಾಳೆಯಲ್ಲಿ ‘ನಿಷ್ಕ್ರಿಯಗೊಳಿಸುತ್ತದೆ’ ಎಂದು ಓದಿದ ಕಾನ್‌ಸ್ಟೇಬಲ್ ಎದುರು ಸ್ಪ್ರೇ ಬಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದ ಅಂದುಕೊಳ್ಳಿ. ಸ್ಪ್ರೇ ಕೆಲಸ ಮಾಡಿತು ಅಂದುಕೊಳ್ಳುತ್ತಾನೆ. ಆದರೆ ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ಮೊದಲೇ ಉಸಿರಾಟಕ್ಕೆ ಕಷ್ಟ. ಅದರ ಮೇಲೆ ಬೋರಲು ಹಾಕಿ ಬೆನ್ನಿನ ಮೇಲೆ ಮಂಡಿಯೂರಿದರೆ ಉಸಿರು ನಿಲ್ಲಬಹುದು. ಬೇಡಿ ಹಾಕಿದ ಕೂಡಲೇ ಎಬ್ಬಿಸಿ ಕೂರಿಸಿ, ಗಾಳಿ ಬರುವ ಕಡೆ ಕರೆದೊಯ್ಯಿರಿ ಎಂದು ಮೂಲ ಬರಹವೇ ಹೇಳುತ್ತದೆ. ಒಂದು ಪುಟದಲ್ಲಿ ನಿಷ್ಕ್ರಿಯ, ಮುಂದಿನ ಪುಟದಲ್ಲಿ ಸುಮ್ಮನಾದರೆ ಎಚ್ಚರ ಅಂದರೆ ಓದುವವನು ಏನು ಮಾಡಬೇಕು?

ನಿಜವಾಗಿ ಪ್ರಜ್ಞೆ ತಪ್ಪಿಸುವ ರಾಸಾಯನಿಕಗಳೂ ಇವೆ. 2002ರಲ್ಲಿ ಮಾಸ್ಕೋದ ರಂಗಮಂದಿರದಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಅಂಥ ಅನಿಲ ಬಿಟ್ಟರು, ನೂರಕ್ಕೂ ಹೆಚ್ಚು ಒತ್ತೆಯಾಳುಗಳು ಸತ್ತರು. ‘ನಿಷ್ಕ್ರಿಯಗೊಳಿಸುವ’ ಅನ್ನೋದನ್ನು ಅಂಥವಕ್ಕೆ ಮೀಸಲಿಡಬಹುದು. 1997ರಿಂದ ಜಾರಿಯಲ್ಲಿರುವ ರಾಸಾಯನಿಕ ಅಸ್ತ್ರಗಳ ಒಪ್ಪಂದವೂ ಗಲಭೆ ಹತ್ತಿಕ್ಕುವ ರಾಸಾಯನಿಕಗಳನ್ನು ಬೇರೆ ಇಟ್ಟಿದೆ. ಅವುಗಳ ಪರಿಣಾಮ ಸ್ವಲ್ಪ ಹೊತ್ತಿನಲ್ಲಿ ಹೋಗಬೇಕು ಅನ್ನೋದು ಅದರ ವಿವರಣೆ. ಯುದ್ಧದಲ್ಲಿ ಇವನ್ನು ಬಳಸುವಂತಿಲ್ಲ, ಪೊಲೀಸರು ಬಳಸಬಹುದು. ವಿಚಿತ್ರ ಅಲ್ವಾ?

ಸರಿ, ಹಾಗಾದರೆ ಏನನ್ನೋಣ? ‘ಪೆಪ್ಪರ್ ಸ್ಪ್ರೇ’ ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಹಾಗಂದರೆ ಹೆಣ್ಣುಮಕ್ಕಳ ಕೈಚೀಲದ ಡಬ್ಬಿ ನೆನಪಾಗುತ್ತದೆ, ಪೊಲೀಸರ ಸೊಂಟದ ಡಬ್ಬಿ ಅಲ್ಲ. ಬ್ರಿಟನ್ನಿನಲ್ಲಿ ಜನಸಾಮಾನ್ಯರು ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಮೇಲಾಗಿ ಸಿಎಸ್‌ಗೂ ಮೆಣಸಿನಕಾಯಿಗೂ ಸಂಬಂಧವಿಲ್ಲ. ಕರಡಿನಲ್ಲಿ ಒಂದು ಕಡೆ ‘ಕಾಳುಮೆಣಸಿನ ಸ್ಪ್ರೇ’ ಎಂದೂ ಇತ್ತು. ಅದು ತಪ್ಪು, ಕಾಳುಮೆಣಸಿನ ಖಾರದ ಸಾರವೇ ಬೇರೆ. ‘ಮಿರ್ಚಿ ಸ್ಪ್ರೇ’ ಅಂತ ಒಬ್ಬರು ಸೂಚಿಸಿದರು. ಬಳ್ಳಾರಿಯಲ್ಲಿ ಮಿರ್ಚಿ ಅಂದರೆ ಒಗ್ಗರಣೆ ಮಂಡಕ್ಕಿ ಜೊತೆ ಬರುವ ಬಜ್ಜಿ. ಆ ಮಾತು ಅಲ್ಲಿಗೇ ನಿಂತಿತು.

ನನ್ನ ಒಲವು ‘ಘಾಟು’ ಕಡೆಗೆ. ಇಲ್ಲಿನ ಎಪಿಎಂಸಿಯಲ್ಲಿ ಒಣ ಮೆಣಸಿನಕಾಯಿ ಚೀಲ ಬಿಚ್ಚುವಾಗ ಹಮಾಲರನ್ನು ನೋಡಬೇಕು. ಟವೆಲ್ಲನ್ನು ಮೂಗು ಬಾಯಿ ಸೇರಿಸಿ ಬಿಗಿದು, ತಲೆಯ ಹಿಂದೆ ಗಂಟು ಹಾಕಿರುತ್ತಾರೆ. ಚೀಲ ಬಿಚ್ಚುವಾಗ ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ಬ್ಯಾಡಗಿ ತಳಿಗೆ ಬಣ್ಣ ಜಾಸ್ತಿ ಖಾರ ಕಮ್ಮಿ, ಗುಂಟೂರು ತಳಿಯ ರಾಶಿ ಹತ್ತಿರ ಹೊಸಬರು ನಿಲ್ಲೋಕಾಗಲ್ಲ. ‘ಖಾರ ಐತಿ’ ಅಂತ ಅವರು ಅನ್ನೋದಿಲ್ಲ, ‘ಘಾಟ ಹತ್ತತೈತ್ರಿ, ಆಕಡೆ ಸರೀರಿ’ ಅಂತಾರೆ. ಖಾರ ನಾಲಿಗೆಗೆ, ಘಾಟು ಮೂಗು ಗಂಟಲಿಗೆ, ಉರಿ ಕಣ್ಣಿಗೆ. ಘಾಟು ಎಬ್ಬಿಸಿದವನಿಗೂ ಅದು ತಪ್ಪೋದಿಲ್ಲ ಅನ್ನೋ ಅರ್ಥವೂ ಈ ಮಾತಿನೊಳಗೇ ಇದೆ. ಪೊಲೀಸರ ಪಾಲಿಗೆ ಇದೇ ಮುಖ್ಯ. ಎದುರುಗಾಳಿಗೆ ಹೊಡೆದರೆ ತಿರುಗಿ ಅವರ ಮುಖಕ್ಕೇ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಹೊಡೆದರೆ ಇಬ್ಬರೂ ಕೆಮ್ಮುತ್ತಾರೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಸುಮ್ನೆ ಉಜ್ಜಿ ತೊಳೆದರೆ ಇನ್ನಷ್ಟು ಹರಡುತ್ತದೆ. ಚರ್ಮಕ್ಕೆ ಸೋಪು ಬೇಕು, ಕಣ್ಣಿಗೆ ಬಹಳ ಹೊತ್ತು ನೀರು ಬಿಡುತ್ತಿರಬೇಕು. ಇನ್ನೊಂದು ಅಪಾಯವೂ ಇದೆ. ಕೆಲವು ಸ್ಪ್ರೇಗಳ ದ್ರವಕ್ಕೆ ಬೆಂಕಿ ಹತ್ತುತ್ತದೆ. ಅದು ಬಿದ್ದ ಮೈಮೇಲೆ ವಿದ್ಯುತ್ ಶಾಕ್ ಕೊಡುವ ಟೇಸರ್ ಹಾರಿಸಿದರೆ ಕಿಡಿಯೇ ಸಾಕು.

‘ಘಾಟು ಸ್ಪ್ರೇ’ ಅಡುಗೆಮನೆಯ ಮಾತಿನ ಹಾಗೆ ಹಗುರ ಅನ್ನೋದು ಅನುವಾದಕರ ಆಕ್ಷೇಪ. ಅದರಲ್ಲಿ ಹುರುಳಿದೆ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಮೊಕದ್ದಮೆ ರದ್ದುಮಾಡಲು ಒಪ್ಪದೆ, ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದೇ ಕಂಡಿತ್ತು. ಹಾಗಾಗಿ ಮೊದಲ ಸಲ ಬಂದಾಗ ‘ಕಣ್ಣು ಮೂಗು ಉರಿಸಿ ಸ್ವಲ್ಪ ಹೊತ್ತು ತಡೆಯುವ ಸ್ಪ್ರೇ’ ಎಂದು ಬಿಡಿಸಿ ಬರೆದು, ಆಮೇಲೆ ‘ಘಾಟು ಸ್ಪ್ರೇ’ ಅನ್ನೋಣ ಅಂತ ನನ್ನ ಲೆಕ್ಕ.

ಇನ್ನೊಂದು ತೊಡಕು ‘ಆಫೀಸರ್ ಸೇಫ್ಟಿ’. ಕರಡಿನಲ್ಲಿ ‘ಪೊಲೀಸ್ ಭದ್ರತೆ’ ಎಂದಿದೆ. ಕನ್ನಡದಲ್ಲಿ ಹಾಗಂದರೆ ಮಂತ್ರಿಗೋ ಜಾತ್ರೆಗೋ ಪೊಲೀಸರು ಕೊಡುವ ಬಂದೋಬಸ್ತು. ‘ಆತ್ಮರಕ್ಷಣೆ’ ಅಂದರೆ ‘ಆತ್ಮರಕ್ಷಣೆಗಾಗಿ ಆರೋಪಿ ಕಾಲಿಗೆ ಗುಂಡು’ ಎಂಬ ಸುದ್ದಿ ಸಾಲು ನೆನಪಾಗುತ್ತದೆ. ‘ಪೊಲೀಸರ ಸುರಕ್ಷತೆ’ ಎಂದು ತಿದ್ದಿದ್ದೇನೆ, ಆ ‘ರ’ ಬಿಡಬೇಡಿ ಎಂದು ಪಕ್ಕದಲ್ಲಿ ಬರೆದಿದ್ದೇನೆ.

ಕ್ರಿಯಾಪದವೂ ಬೇಕು. ‘ಸಿಂಪಡಿಸು’ ಅಂದರೆ ಹೊಲಕ್ಕೆ ಔಷಧಿ ಸಿಂಪಡಿಸಿದಂತೆ. ‘ಎರಚು’ ಅನ್ನೋದನ್ನು ಖಾರದ ಪುಡಿ ಎರಚುವ ಕಳ್ಳರು ಆಗಲೇ ತೆಗೆದುಕೊಂಡಿದ್ದಾರೆ. ‘ಹೊಡೆ’ ಸಹಜವಾಗಿದೆ, ಆದರೆ ‘ಪೊಲೀಸರು ಹೊಡೆದರು’ ಅಂದರೆ ಎಲ್ಲರೂ ಲಾಠಿ ಅಂದುಕೊಳ್ಳುತ್ತಾರೆ. ‘ಸ್ಪ್ರೇ ಮಾಡು’ ಅಂತ ಉಳಿಸಿದ್ದೇನೆ.

ರಾಯಚೂರು, ಕೊಪ್ಪಳ ಕಡೆಯವರು ಘಾಟಿಗೆ ಬೇರೆ ಮಾತು ಬಳಸುತ್ತೀರಾ? ಕರಾವಳಿಯವರಿಗೆ ‘ಘಾಟು ಸ್ಪ್ರೇ’ ಕೂಡಲೇ ಅರ್ಥವಾಗುತ್ತದಾ? ಬಳಗದಲ್ಲಿ ಪೊಲೀಸ್ ಇಲಾಖೆಯವರು ಇದ್ದರೆ, ಠಾಣೆಯಲ್ಲಿ ನಿಮ್ಮ ನಿಮ್ಮಲ್ಲಿ ಇದಕ್ಕೆ ಏನಂತೀರಿ ಅಂತ ಒಂದು ಸಾಲು ಬರೆಯಿರಿ. ಕರಡು ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.