ಬಟನ್ ಚಾಕು: ಉಬ್ಬಿದ ಬಟನ್ನೋ, ಗುಳಿ ಬಟನ್ನೋ?

ಗಿರೀಶ, ಸೋಮವಾರಪೇಟೆ: (ಫೋಟೊ) ಮಡಚೋ ಚಾಕುವನ್ನ ಆಟೋಮ್ಯಾಟಿಕ್ ಮಾಡೋ, ಅಂದ್ರೆ ಬಟನ್ ಅದುಮಿದ್ರೆ ಅಲಗು ತಾನೇ ತೆರೆಯೋ ಹಾಗೆ ಮಾಡೋ ಸ್ಪ್ರಿಂಗ್ ಕಿಟ್. ಜೊತೆಗೆ ಮೂರು ತರದ ಬಟನ್. ಉಬ್ಬಿದ್ದು, ಹಿಡಿಯ ಮಟ್ಟಕ್ಕೆ ಸಮ ಇರೋದು, ಗುಳಿಯೊಳಗೆ ಕೂರೋದು. ನನ್ನ ಓಟು ಉಬ್ಬಿದ್ದಕ್ಕೆ. ಮಳೆಗಾಲದಲ್ಲಿ ರಬ್ಬರ್ ಗ್ಲೌಸ್ ಹಾಕಿದ್ರೂ ಬೆರಳಿಗೆ ಸಿಗುತ್ತೆ.

ಪೊನ್ನಮ್ಮ, ವಿರಾಜಪೇಟೆ: ಬೆರಳಿಗೆ ಸಿಗೋದು ಏಣಿಗೂ ಸಿಗುತ್ತೆ ಗಿರೀಶ. ಮೆಣಸು ಕೊಯ್ಯೋವಾಗ ತೊಡೆ ಏಣಿಗೆ ಒತ್ತಿಕೊಂಡೇ ಇರುತ್ತೆ. ಸ್ಪ್ರಿಂಗ್ ಇಲ್ಲದ ಮಾಮೂಲಿ ಬಟನ್ ಲಾಕ್ ಆದ್ರೆ, ಹಾಗೆ ಅದುಮಿದಾಗ ಅಲಗು ಸಡಿಲ ಆಗುತ್ತೆ ಅಷ್ಟೇ. ಸ್ಪ್ರಿಂಗ್ ಇದ್ರೆ ಜೇಬಿನೊಳಗೇ ಬಿಚ್ಚಿಕೊಳ್ಳುತ್ತೆ. ಆಟೋಮ್ಯಾಟಿಕ್ ಚಾಕುಗೆ ಗುಳಿ ಬಟನ್ನೇ ಸರಿ.

ಗಿರೀಶ: ಗುಳಿಯಲ್ಲಿ ಕೆಸರು ತುಂಬಲ್ವಾ?

ಪೊನ್ನಮ್ಮ: ತುಂಬುತ್ತೆ. ಹಲ್ಲುಜ್ಜೋ ಹಳೇ ಬ್ರಷ್ಷಲ್ಲಿ ತಿಕ್ಕಿ, ಒಣಗಿಸಿ, ಒಂದು ಹನಿ ಮೆಷಿನ್ ಎಣ್ಣೆ ಬಿಡು. ತೆಂಗಿನೆಣ್ಣೆ ಮಾತ್ರ ಬೇಡ. ನಮ್ಮ ಚಳಿಗೆ ಹೆಪ್ಪುಗಟ್ಟಿ, ಅದುಮಿದ ಬಟನ್ ಮೇಲೆ ಬರಲ್ಲ.

ರಫೀಕ್, ಕುಶಾಲನಗರ: ಇಬ್ಬರೂ ಬಟನ್ನಿನ ತಲೆ ನೋಡ್ತಿದ್ದೀರಿ. ಲಾಕ್ ಮಾಡೋದು ಅದರ ಕೆಳಗಿನ ಕಡ್ಡಿ. ಅದಕ್ಕೊಂದು ದಪ್ಪ ಭಾಗ, ಒಂದು ಸಣ್ಣ ಕತ್ತು. ದಪ್ಪ ಭಾಗ ಅಲಗಿನ ಬುಡದ ಕಚ್ಚಿನಲ್ಲಿ ಕೂತ್ರೆ ಲಾಕ್. ಅದುಮಿದಾಗ ಕತ್ತು ಅಲ್ಲಿಗೆ ಬರುತ್ತೆ, ಅಲಗು ತಿರುಗುತ್ತೆ. ಕಡ್ಡಿ ಅಳತೆಗಿಂತ ಕೂದಲೆಳೆಯಷ್ಟು ಕಮ್ಮಿ ಆದ್ರೂ ತೆರೆದ ಅಲಗು ಲಟಲಟ ಅನ್ನುತ್ತೆ. ತಲೆ ಅಲ್ಯೂಮಿನಿಯಂ ಆದ್ರೂ ನಡೆಯುತ್ತೆ, ಕಡ್ಡಿ ಹದ ಹಾಕಿದ (ಕಾಯಿಸಿ ಗಟ್ಟಿ ಮಾಡಿದ) ಉಕ್ಕೇ ಆಗಬೇಕು.

ರಫೀಕ್: ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೊದಲಿಂದಲೇ ಆಟೋಮ್ಯಾಟಿಕ್ ಆಗಿ ಮಾಡಿದ ಚಾಕುವಿನ ಅಲಗಲ್ಲಿ ಎರಡು ಕಚ್ಚು ಇರುತ್ತೆ, ತೆರೆದಾಗ ಒಂದು, ಮುಚ್ಚಿದಾಗ ಒಂದು. ಕೈಯಲ್ಲಿ ತೆರೆಯೋದರಲ್ಲಿ ಸಾಮಾನ್ಯವಾಗಿ ಮುಚ್ಚಿದಾಗಿನ ಕಚ್ಚು ಆಳ ಇರಲ್ಲ, ಅಲಗು ತಾನಾಗಿ ಜಾರದಷ್ಟು ಹಿಡಿತ ಇರುತ್ತೆ. ಸ್ಪ್ರಿಂಗ್ ಹಾಕಿದ್ರೆ ಆ ಹಿಡಿತ ಸಾಲಲ್ಲ. ಕೈಜಾರಿ ಕೆಳಗೆ ಬಿದ್ರೂ ತೆರೆದುಕೊಳ್ಳಬಹುದು, ಬಟನ್ ಯಾವುದೇ ಇರಲಿ.

ಗಿರೀಶ: ಹೊಸ ಕಚ್ಚು ಕೊರೆಸಿದ್ರಾಯ್ತಲ್ಲ ಮಾರಾಯ.

ರಫೀಕ್: ಹದದ ಉಕ್ಕು ಅದು, ಮಾಮೂಲಿ ಡ್ರಿಲ್ ಬಿಟ್ ಇಳಿಯಲ್ಲ. ಗ್ರೈಂಡರ್ ಹಿಡಿದ್ರೆ ಬಿಸಿಗೆ ಹದ ಹೋಗುತ್ತೆ, ಆಮೇಲೆ ಕಚ್ಚು ಬೇಗ ಸವೆಯುತ್ತೆ. ಸ್ಪ್ರಿಂಗಿನ ಒಂದು ಕಾಲು ಹಿಡಿಗೆ, ಇನ್ನೊಂದು ಅಲಗಿಗೆ ಸಿಗಬೇಕು, ಅದಕ್ಕೂ ತೂತು ಬೇಕು.

ಬೋಪಣ್ಣ, ಮಡಿಕೇರಿ: ಕಾನೂನೂ ನೋಡ್ಕೊಳ್ಳಿ. ದೆಹಲಿಯ 1980ರ ಅಧಿಸೂಚನೆಯಲ್ಲಿ ಬಟನ್ ಚಾಕು, ಸ್ಪ್ರಿಂಗ್ ಚಾಕು ಅಂತ ಹೆಸರಿಟ್ಟೇ ಹೇಳಿದೆ. ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಕೇಸು ಆಗಬಹುದು. ಆ ಕಡೆ ಹೋಗೋವಾಗ ಬ್ಯಾಗಲ್ಲಿ ಇಟ್ಕೋಬೇಡಿ.

ಗಿರೀಶ: ಸರಿ, ಸ್ಪ್ರಿಂಗ್ ಬಿಟ್ಟೆ. ಮಾಮೂಲಿ ಲಾಕಿಗೇ ಉಬ್ಬಿದ ಬಟನ್ ಹಾಕ್ತೀನಿ. ಗೋಣಿಚೀಲದ ದಾರ ಕತ್ತರಿಸೋಕೆ ಅಷ್ಟು ಸಾಕು.

ಪೊನ್ನಮ್ಮ: ನಾನಾದ್ರೆ ಅದಕ್ಕೂ ಸಮ ಇರೋದನ್ನೇ ಹಾಕೋದು. ಗಟ್ಟಿಯಾಗಿ ಒತ್ತಿ ಕತ್ತರಿಸೋವಾಗ ಹೆಬ್ಬೆರಳು ಉಬ್ಬಿದ ಬಟನ್ ಮೇಲೇ ಬರುತ್ತೆ, ಲಾಕ್ ಬಿಟ್ಟರೆ ಅಲಗು ಬೆರಳ ಮೇಲೇ ಮಡಚುತ್ತೆ.

ರಫೀಕ್: ಯಾವುದು ಹಾಕಿದ್ರೂ ಮೊದಲು ಅಲಗು ತೆರೆದು, ಅದರ ಬೆನ್ನನ್ನ (ಹರಿತ ಇಲ್ಲದ ಕಡೆ) ಮರದ ಹಲಗೆಗೆ ಮೆಲ್ಲಗೆ ಒತ್ತಿ ನೋಡು. ಬೆರಳು ಅಲಗಿನ ದಾರಿಯಲ್ಲಿ ಇರಬಾರದು. ಸ್ವಲ್ಪ ಕದಲಿದ್ರೂ ಹಳೇ ಬಟನ್ನೇ ವಾಪಸ್ ಹಾಕು.