ಒಂಬತ್ತು ಹೇಂಟೆ, ಒಂದೂ ಹಸಿರು ಮೊಟ್ಟೆ ಇಲ್ಲ. ಲೆಕ್ಕ ಎಲ್ಲಿ ತಪ್ಪಿತು?

ಗೋಣಿಕೊಪ್ಪದ ಗೂಡು:
ಎರಡು ವರ್ಷದ ಹಿಂದೆ ನೀಲಿ ಮೊಟ್ಟೆ ತಳಿಯ ಹುಂಜ ತಂದೆ. ಅದಕ್ಕೆ ಪೀ ಕೋಂಬ್, ಅಂದರೆ ಮೂರು ಸಾಲು ಗಂಟಿನ ಗಿಡ್ಡ ಜುಟ್ಟು. ನಮ್ಮ ನಾಟಿ ಹೇಂಟೆಗಳಿಗೆ ಗರಗಸದಂಥ ಸಿಂಗಲ್ ಕೋಂಬ್, ಮೊಟ್ಟೆ ಕಂದು. ಮೊದಲ ಮರಿಗಳೆಲ್ಲ ಪೀ ಕೋಂಬ್, ಹೇಂಟೆಗಳೆಲ್ಲ ಹಸಿರು ಮೊಟ್ಟೆ ಇಟ್ಟವು (ನೀಲಿ ಚಿಪ್ಪಿನ ಮೇಲೆ ಕಂದು ಬಿದ್ದರೆ ಹಸಿರು). ಅದರಲ್ಲೇ ಒಂದು ಹುಂಜವನ್ನು ಮತ್ತೆ ನಾಟಿ ಹೇಂಟೆಗಳ ಜೊತೆ ಬಿಟ್ಟೆ. ಅರ್ಧ ಮರಿಗಳಿಗೆ ಸಿಂಗಲ್ ಕೋಂಬ್ ಬಂತು. ನನಗೆ ಅದೇ ಚಂದ, ಹಾಗಾಗಿ ಅಂಥ ಒಂಬತ್ತು ಹೇಂಟೆ ಇಟ್ಟುಕೊಂಡೆ, ಉಳಿದವು ನೂಲ್‌ಪುಟ್ಟಿಗೆ ಸಾರಾದವು. ಈಗ ಒಂಬತ್ತೂ ಮೊಟ್ಟೆಗೆ ಬಂದಿವೆ, ಎಲ್ಲ ಕಂದು. ಪಿಯುಸಿಯಲ್ಲಿ ಓದಿದ ಮೆಂಡಲ್ ಪ್ರಕಾರ ಅರ್ಧಕ್ಕಾದರೂ ಹಸಿರು ಬರಬೇಕಿತ್ತು ಅಲ್ವಾ? ಫೀಡ್ ಕಾರಣವಾ, ಈ ಮಳೆ ಕಾರಣವಾ?

ರಿಟೈರ್ಡ್ ಮೇಷ್ಟ್ರು:
ಎರಡೂ ಅಲ್ಲ. ಹಸಿರು ಮೊಟ್ಟೆ ಇಡುವ ಕೋಳಿಗಳನ್ನು ನೀವೇ ಸಾರು ಮಾಡಿ ತಿಂದಿದ್ದೀರಿ!

ಮೆಂಡಲ್ ಲೆಕ್ಕ ನಿಲ್ಲುವುದು ಎರಡು ಜೀನ್ ಬೇರೆ ಬೇರೆ ಕ್ರೋಮೋಸೋಮಿನಲ್ಲಿದ್ದರೆ, ಇಲ್ಲವೇ ಒಂದರಲ್ಲೇ ತುಂಬಾ ದೂರ ಇದ್ದರೆ. ಕೋಳಿಯಲ್ಲಿ ಪೀ ಕೋಂಬ್ ಜೀನ್ ಮತ್ತು ನೀಲಿ ಚಿಪ್ಪಿನ ಜೀನ್ ಎರಡೂ ಒಂದನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕದ ಮನೆ. ನಿಮ್ಮ ಹುಂಜಕ್ಕೆ ಅವು ಜೋಡಿಯಾಗಿ ಅಪ್ಪನಿಂದ ಬಂದಿವೆ, ಮರಿಗೂ ಹೆಚ್ಚಾಗಿ ಜೋಡಿಯಾಗೇ ಹೋಗುತ್ತವೆ. ವೀರ್ಯ ಆಗುವಾಗ ಜೋಡಿ ಕ್ರೋಮೋಸೋಮುಗಳು ತುಂಡು ಬದಲಾಯಿಸಿಕೊಳ್ಳುತ್ತವಲ್ಲ, ಆಗ ಇವೆರಡು ಬೇರೆಯಾಗುವುದು ನೂರಕ್ಕೆ ನಾಲ್ಕೈದು ಸಲ ಮಾತ್ರ. ಸಂಬಂಧವೇ ಇಲ್ಲದಿದ್ದರೆ ಒಂಬತ್ತರಲ್ಲೂ ಹಸಿರು ತಪ್ಪುವ ಸಾಧ್ಯತೆ 512ಕ್ಕೆ ಒಂದು. ಹೀಗೆ ಜೋಡಿ ಅಂಟಿಕೊಂಡಿದ್ದರೆ, ಅಂದರೆ ಲಿಂಕೇಜ್ ಇರುವಾಗ, ಮೂರಕ್ಕೆ ಸುಮಾರು ಎರಡು ಸಲ ನಿಮ್ಮ ಹಾಗೇ ಆಗುತ್ತದೆ.

ಮೆಂಡಲ್ ಲೆಕ್ಕಕ್ಕೆ ಪನೆಟ್ ಚೌಕ ಹಾಕಿರುತ್ತೀರಲ್ಲ, ಆ ಪನೆಟ್ ಮತ್ತು ಬೇಟ್ಸನ್ 1905ರ ಹೊತ್ತಿಗೆ ಸ್ವೀಟ್ ಪೀ ಹೂವಿನಲ್ಲಿ ಇಂಥದ್ದೇ ಲೆಕ್ಕ ತಪ್ಪಿದ್ದನ್ನು ಕಂಡವರು. ಕಾರಣ ಸರಿಯಾಗಿ ಹೇಳಿದ್ದು 1911ರಲ್ಲಿ ಮಾರ್ಗನ್, ಹಣ್ಣಿನ ನೊಣ ಸಾಕಿ.

ಪೊನ್ನಂಪೇಟೆ ಹುಂಜ:
ಒಂದು ಮೊಟ್ಟೆ ಒಡೆದು ಒಳಗಿನ ಪೊರೆ ಸುಲಿದು ನೋಡಿ ಅಣ್ಣ. ಕಂದು ಬಣ್ಣ ಹೊರಗಿನ ಲೇಪ, ನೀಲಿ ಚಿಪ್ಪಿನ ಒಳಗೂ ಇಳಿದಿರುತ್ತದೆ. ದಟ್ಟ ಕಂದು ಇದ್ದರೆ ಹಸಿರು ಕಣ್ಣಿಗೆ ಬೀಳುವುದಿಲ್ಲ.

ಗೋಣಿಕೊಪ್ಪದ ಗೂಡು:
ಒಂಬತ್ತನ್ನೂ ಒಡೆದೆ. ಒಳಗೆ ಬಿಳಿ. ಆಮ್ಲೆಟ್ ಆಯಿತು. ಮೇಷ್ಟ್ರೇ, ಹಾಗಾದರೆ ಸಿಂಗಲ್ ಕೋಂಬ್ ಮತ್ತು ನೀಲಿ ಒಟ್ಟಿಗೆ ಸಿಗುವುದೇ ಇಲ್ವಾ?

ರಿಟೈರ್ಡ್ ಮೇಷ್ಟ್ರು:
ಸಿಗುತ್ತದೆ, ಮರಿ ಜಾಸ್ತಿ ಮಾಡಿಸಬೇಕು. ಅದೇ ಹುಂಜದಿಂದ 100 ಮರಿ ಆದರೆ ಸಿಂಗಲ್ ಕೋಂಬ್ ಹೇಂಟೆ 25, ಅದರಲ್ಲಿ ಹಸಿರು ಮೊಟ್ಟೆಯದು ಒಂದು ಸಿಕ್ಕರೆ ಪುಣ್ಯ. ಆದರೆ ಆ ಒಂದು ಸಿಕ್ಕಿತೋ, ಅಲ್ಲಿಂದ ಮುಂದೆ ಸಿಂಗಲ್ ಮತ್ತು ನೀಲಿ ಅಂಟಿಕೊಂಡೇ ಹೋಗುತ್ತವೆ. ಕ್ರೀಮ್ ಲೆಗ್‌ಬಾರ್ ತಳಿ ಹಾಗೇ ಇದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಸುಮ್ನೆ ಪೀ ಕೋಂಬ್ ಮರಿಗಳನ್ನೇ ಇಟ್ಟುಕೊಳ್ಳಿ. ಹುಂಜ ಮೊಟ್ಟೆ ಇಡಲ್ಲ, ಅದರಲ್ಲಿ ನೀಲಿ ಇದೆಯಾ ಅಂತ ಊಹಿಸಲು ನಿಮಗೆ ಆ ಜುಟ್ಟೇ ಗುರುತು. ಆದರೆ ಅಸೀಲ್ (ಕಾಳಗದ ಕೋಳಿ ತಳಿ) ರಕ್ತ ಬೆರೆತ ಹೇಂಟೆಯನ್ನು ಇವುಗಳ ಜೊತೆ ಸೇರಿಸಬೇಡಿ, ಅಸೀಲ್‌ಗೂ ಪೀ ಕೋಂಬ್ ಇರುತ್ತದೆ, ನೀಲಿ ಇರುವುದಿಲ್ಲ.

ಗೋಣಿಕೊಪ್ಪದ ಗೂಡು:
ಹುಂಜ ಇನ್ನೂ ಇದೆ. ಇನ್‌ಕ್ಯುಬೇಟರ್ ಕೇಳಲು ಪಕ್ಕದ ತೋಟಕ್ಕೆ ಹೊರಟೆ.